ಗಡಿಕಲ್ಲಿನವರೆಗೆ ತಳ್ಳಿಕೊಂಡು

ನಮ್ಮೂರಲ್ಲಿ ಸುಗ್ಗಿ ಹಬ್ಬದ ಕಟ್ಟು ಸಾರಿ ಹೇಳಿ ಸಾರು ಹಾಕಿದರೆಂದರೆ ಮೊದಲು ನಿಲ್ಲುವುದು ಒಗ್ಗರಣೆ. ಸಾಸಿವೆ ಸಿಡಿದ ಸದ್ದು ಯಾವ ಮನೆಯಿಂದಲೂ ಕೇಳಬಾರದು. ಹಸಿ ಗಿಡಕ್ಕೆ ಕತ್ತಿ ತಾಗಿಸುವಂತಿಲ್ಲ, ತೋಟದ ಕೆಲಸ ಮಾಡುವಂತಿಲ್ಲ, ಗಾಡಿ ಓಡಿಸುವಂತಿಲ್ಲ. ದೇವರ ಕೆಲಸ ಮುಗಿಯುವವರೆಗೆ ಜೀಪು, ಬೈಕು, ಆಟೊ ಎಲ್ಲವೂ ಊರ ಗಡಿಕಲ್ಲಿನ ಆಚೆ ಸಾಲಾಗಿ ನಿಂತಿರುತ್ತವೆ. ಇವೆಲ್ಲಕ್ಕಿಂತ ದೊಡ್ಡ ಕಟ್ಟು ಇನ್ನೊಂದಿದೆ. ಊರ ಲೆಕ್ಕಕ್ಕೆ ಸೇರಿದ ಪ್ರತಿ ತಲೆಯೂ, ಹಗಲು ಎಲ್ಲಿಗೆ ಹೋಗಿದ್ದರೂ, ದೀಪ ಹಚ್ಚುವ ಹೊತ್ತಿಗೆ ಗಡಿಕಲ್ಲಿನ ಒಳಗಿರಬೇಕು. ತಪ್ಪಿದವರು ಮಾರನೆಯ ಬೆಳಿಗ್ಗೆ ತಲೆಗೊಂದು ತೆಂಗಿನಕಾಯಿ ತಂದು ದೇವರ ಬನದ ಮುಂದೆ ಇಡಬೇಕು. ನೆಂಟರಿಗೆ ಈ ಕಟ್ಟಿಲ್ಲ. ಅವರು ಇದ್ದರೂ ಸರಿ, ಹೋದರೂ ಸರಿ.

ಸುತ್ತಿನ ಹಳ್ಳಿಗಳೂ ಹಿಂದೆಮುಂದೆ ಇದೇ ಕಟ್ಟಿಗೆ ಬೀಳುವುದರಿಂದ ಆ ದಿನಗಳಲ್ಲಿ ಯಸಳೂರಿನಿಂದ ಕೊಡಗಿನ ಗಡಿಯವರೆಗಿನ ಒಳರಸ್ತೆಗಳೆಲ್ಲ ಖಾಲಿ ಬಿದ್ದಿರುತ್ತವೆ. ಬಾಳ್ಳುಪೇಟೆಯ ಹೆದ್ದಾರಿಯಲ್ಲಿ ಲಾರಿಗಳು ಅವುಗಳ ಪಾಡಿಗೆ ಅರಚಿಕೊಂಡಿರಲಿ, ನಮ್ಮ ಕಡೆ ಮಾತ್ರ ರಸ್ತೆ ಮೇಲೆ ಕೋಳಿ ಮರಿ ಕಟ್ಟಿಕೊಂಡು ಓಡಾಡುತ್ತದೆ. ಸೈಕಲ್ ತುಳಿಯುವವರಿಗೆ ಅದಕ್ಕಿಂತ ಒಳ್ಳೆಯ ಕಾಲ ಬೇರೆ ಬೇಕೆ?

ನಾನು ಸೈಕಲ್ ತುಳಿಯುತ್ತೇನೆ. ಐವತ್ತು ದಾಟಿದ ಹೆಂಗಸು ಸೈಕಲ್ ತುಳಿಯುವುದಕ್ಕೆ ಕಾರಣ ಹೇಳಲೇಬೇಕಂತೆ, ಅದಕ್ಕೆ ಹೇಳುತ್ತೇನೆ. ಸಕಲೇಶಪುರದ ಡಾಕ್ಟರು ಸಕ್ಕರೆ ಕಾಯಿಲೆ ಎಂದರು, ದಿನಾ ನಡೆಯಿರಿ ಎಂದರು. ನಡೆಯುವುದೆಂದರೆ ನನಗೆ ತಲೆನೋವು. ಎಷ್ಟು ಹೊತ್ತು ನಡೆದರೂ ಅದೇ ಸಿಲ್ವರ್ ಮರ, ಅದೇ ಬೇಲಿ. ಪಕ್ಕದ ಎಸ್ಟೇಟಿನವರು ಹೋಂಸ್ಟೇ ಮುಚ್ಚುವಾಗ ನೆಂಟರಿಗೆಂದು ಇಟ್ಟಿದ್ದ ಗೇರ್ ಸೈಕಲ್ಲುಗಳನ್ನು ಮಾರಿದರು, ಒಂದನ್ನು ನಾನು ತಂದೆ. ನನ್ನ ಗಂಡ ಅದನ್ನು ಸುತ್ತಿ ಸುತ್ತಿ ನೋಡಿ, "ಬಿದ್ದು ಸೊಂಟ ಮುರ್ಕಂಡ್ರೆ ಅದಕ್ಕೂ ಡಾಕ್ಟ್ರತ್ರ ಗುಳಿಗೆ ಕೇಳು" ಎಂದರು. ಅಷ್ಟೇ ಅವರ ಆಶೀರ್ವಾದ.

ಸೈಕಲ್ ಕಲಿಸಿದ್ದು ಮಾತ್ರ ಅಕ್ಕ. ನನಗಿಂತ ಏಳು ವರ್ಷಕ್ಕೆ ದೊಡ್ಡವಳು. ಅಪ್ಪನ ದೊಡ್ಡ ಸೈಕಲ್ಲಿನ ಬಾರಿನ ಕೆಳಗೆ ಕಾಲು ತೂರಿಸಿ, ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಕಣದ ತುಂಬ ಸುತ್ತು ಹೊಡೆಯುತ್ತಿದ್ದಳು. ನನ್ನನ್ನೂ ಹಾಗೇ ಕಲಿಸಿದಳು, ಸೀಟು ಹಿಡಿದುಕೊಂಡಿದ್ದೇನೆ ಎಂದು ಸುಳ್ಳು ಹೇಳಿ. ಅವಳನ್ನು ಕೊಡಗಿನ ಗಡಿಯಾಚೆಯ ಊರಿಗೆ ಕೊಟ್ಟರು. ಗಂಡುಮಕ್ಕಳಿಲ್ಲದ ನಮ್ಮ ಮನೆಗೆ ನನ್ನ ಗಂಡ ಮನೆ ಅಳಿಯನಾಗಿ ಬಂದರು. ಅಕ್ಕನಿಗೆ ಮಕ್ಕಳಾಗಲಿಲ್ಲ. ಹೋದ ವರ್ಷದ ಹಿಂದಿನ ವರ್ಷ ಭಾವ ತೀರಿಕೊಂಡರು. ಈ ಸಂಕ್ರಾಂತಿಗೆ ಹತ್ತು ದಿನ ಇದ್ದು ಹೋಗುತ್ತೇನೆ ಎಂದು ಬಂದವಳು, ಕಾಫಿ ಕೊಯ್ಲು ಮುಗಿದು ಮೆಣಸು ಒಣಗಿಸಿ ಚೀಲ ತುಂಬಿದರೂ ನಮ್ಮಲ್ಲೇ ಇದ್ದಳು.

ಇದ್ದಳು ಅಂದರೆ ಹೇಗೆ? ನೆಂಟರ ಹಾಗೆ. ತಾನು ಹುಟ್ಟಿದ ಮನೆಯಲ್ಲಿ ಉಪ್ಪಿನ ಮರಿಗೆಗೆ ಕೈ ಹಾಕುವ ಮೊದಲು "ತಗೊಳ್ಳಾ?" ಎಂದು ಕೇಳುತ್ತಿದ್ದಳು. ಬಟ್ಟೆಯ ಬ್ಯಾಗು ಮೂಲೆಯ ಮೊಳೆಯಲ್ಲೇ ನೇತಾಡುತ್ತಿತ್ತು, ಬೀರುವಿನಲ್ಲಿ ಜಾಗ ಮಾಡಿಕೊಟ್ಟರೂ ಒಂದು ಸೀರೆ ಅದಕ್ಕೆ ಹೋಗಲಿಲ್ಲ. ನೀರು ಹೊರಲು ಬಂದವರು, ಹಾಲು ಹಾಕಲು ಹೋಗುವವರು, ಎಲ್ಲರೂ "ಯಾವಾಗ ಬಂದ್ರಿ? ಇನ್ನೂ ಇರ್ತೀರಾ?" ಎಂದು ಬಹುವಚನದಲ್ಲಿ ಮರ್ಯಾದೆ ಮಾಡುವವರೇ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಇಲ್ಲೇ ಇದ್ದುಬಿಡು ಎಂದು ನಾನು ಎಷ್ಟು ಸಲ ಹೇಳಿದೆ. "ನೋಡಾನ ಕಣೇ" ಎನ್ನುತ್ತಿದ್ದಳು. ತಂಗಿ ಹೇಳುವುದು ತಂಗಿಯ ಪ್ರೀತಿಗೆ, ಅದು ಊರಿನ ಮಾತಲ್ಲ ಎಂದು ಅವಳ ಲೆಕ್ಕ. ಅಕ್ಕ ನಮ್ಮ ಮನೆಯವಳಾಗಿ ಉಳಿಯಬೇಕು ಎನ್ನುವುದೊಂದೇ ನನಗೆ ಆ ಬೇಸಿಗೆಯಲ್ಲಿ ಇದ್ದ ಆಸೆ. ಸಕ್ಕರೆ ಇಳಿಯುವುದೂ ಆಮೇಲಿನ ಮಾತು.

ಸಾರು ಹಾಕುವ ಸಂಜೆ ಗೌಡಜ್ಜ ಬಂದರು. ಊರ ದೇವರ ಕಟ್ಟುಪಾಡೆಲ್ಲ ಅವರ ಉಸ್ತುವಾರಿ. ಎಂಬತ್ತರ ಹತ್ತಿರದ ವಯಸ್ಸು, ಗಂಟಲು ಮಾತ್ರ ಮೂವತ್ತರದ್ದು. ಪ್ರತಿ ಮನೆಯ ಅಂಗಳದಲ್ಲಿ ನಿಂತು ಕಟ್ಟನ್ನು ಸಾರಿ ಹೇಳಿ, ಕೊನೆಗೆ ತಲೆ ಲೆಕ್ಕ ಕೇಳುವುದು ಪದ್ಧತಿ.

"ಮನೇಲಿ ಎಷ್ಟು ತಲೆ?" ಎಂದರು.

ಜಗಲಿಯಲ್ಲಿ ಕೂತಿದ್ದ ನನ್ನ ಗಂಡ ಎದ್ದು ನಿಂತು, "ಎರಡು" ಎಂದರು.

"ಒಳಗೆ ಅಕ್ಕಾರು ಅವ್ರಲ್ಲ?"

"ಅವ್ರು ನೆಂಟ್ರಲ್ವಾ ಅಜ್ಜ. ಕೊಟ್ಟ ಹೆಣ್ಣು ಕೊಟ್ಟೂರಿನ ಲೆಕ್ಕ."

"ಅದೂ ಸರಿ" ಎಂದು ಗೌಡಜ್ಜ ಮುಂದಿನ ಮನೆಗೆ ಹೋದರು. ಅಡುಗೆಮನೆಯಲ್ಲಿ ಅಕ್ಕ ಅಕ್ಕಿ ಆರಿಸುತ್ತಿದ್ದಳು. ಮೊರದ ಸದ್ದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು.

ಗಂಡನನ್ನು ಹಿತ್ತಲಿಗೆ ಕರೆದು ಚೆನ್ನಾಗಿ ಗ್ರಹಚಾರ ಬಿಡಿಸಿದೆ. "ನಿಮ್ಮ ನಾಲಿಗೆಗೆ ಎಲುಬಿಲ್ವಾ? ಮೂರು ಅಂದಿದ್ರೆ ನಿಮ್ಮ ಗಂಟು ಹೋಗ್ತಿತ್ತಾ?"

"ಇರೋದು ಹೇಳ್ದೆ ಕಣೇ. ಮನೆ ಅಳಿಯ ಅಂತ ಬಂದು ಏಳು ಸುಗ್ಗಿ ಆದ್ರೂ ನನ್ನನ್ನೇ ಈ ಊರೋರು ನೆಂಟ ಅಂತ ಲೆಕ್ಕದಿಂದ ಬಿಡ್ತಿದ್ರು. ನಾನೇನು ಅಳ್ತಾ ಕೂತಿದ್ನಾ?"

"ಅಳ್ತಾ ಕೂತಿರ್ಲಿಲ್ಲ. ಮೂತಿ ಊದಿಸ್ಕಂಡು ಕೂತಿದ್ರಿ. ನಾನು ನೋಡಿಲ್ವಾ?" ಎಂದೆ. ಅವರು ದನದ ಕೊಟ್ಟಿಗೆಗೆ ಹೋದರು.

ಮಾರನೆಯ ಬೆಳಿಗ್ಗೆ ಅಕ್ಕನನ್ನು ಮನೆಯಿಂದ ಹೊರಡಿಸಿದೆ. ಮದುವೆಯಾಗಿ ಹೋದ ಮಗಳು ಹೈಸ್ಕೂಲಿನಲ್ಲಿದ್ದಾಗ ಸರ್ಕಾರದಿಂದ ಸಿಕ್ಕ ಸೈಕಲ್ಲು ಸ್ಟೋರಿನಲ್ಲಿ ಮೆಣಸಿನ ಚೀಲಗಳ ಹಿಂದೆ ಇತ್ತು. ನಾಲ್ಕು ದಿನ ಮೊದಲೇ ಯಸಳೂರಿನಲ್ಲಿ ಟಯರು ಹಾಕಿಸಿ, ಎಣ್ಣೆ ಬಿಡಿಸಿ ಇಟ್ಟಿದ್ದೆ. ಅಕ್ಕ ಒಲ್ಲೆ ಎಂದಳು. ವಯಸ್ಸಾಯಿತು ಎಂದಳು, ಜನ ನಗುತ್ತಾರೆ ಎಂದಳು, ಸೀರೆ ಚೈನಿಗೆ ಸಿಕ್ಕುತ್ತದೆ ಎಂದಳು. ಕೊನೆಯದಕ್ಕೆ ನನ್ನ ಚೂಡಿದಾರ ಕೊಟ್ಟೆ. ಹಾಕಿಕೊಂಡು ಕನ್ನಡಿಯ ಮುಂದೆ ನಿಂತು, "ಎಸ್ಟೇಟಿನ ಲೈನ್ ಮನೆಗೆ ಹೊಸದಾಗಿ ಬಂದ, ಲೆಕ್ಕ ಬರೆಯೋ ರೈಟ್ರ ಅತ್ತೆ ಇದ್ದಂಗಿದೀನಿ" ಎಂದು ತಾನೇ ನಕ್ಕಳು. ನಕ್ಕ ಮೇಲೆ ಅರ್ಧ ಒಪ್ಪಿದ ಹಾಗೆ.

ದಾರಿಯಲ್ಲಿ ಗೌಡಜ್ಜ ಅಡ್ಡ ನಿಂತರು. ಸೈಕಲ್ಲು ಗಾಡಿಯೋ ಅಲ್ಲವೋ ಎನ್ನುವ ಪ್ರಶ್ನೆ ಹಿಂದೆ ಬಂದಿರಲಿಲ್ಲವಂತೆ. ನಾನು, ಹೊಗೆ ಇಲ್ಲ, ಸದ್ದಿಲ್ಲ, ಇದೇನು ಗಾಡಿ ಎಂದು ವಾದ ಹೂಡಿದೆ. "ಉರುಳ್ತೈತಲ್ಲ" ಎಂದರು ಅವರು. ಕೊನೆಗೆ ತೀರ್ಪು ಕೊಟ್ಟರು. "ಗಡಿಕಲ್ಲುಗಂಟ ತಳ್ಕಂಡು ಹೋಗ್ರಿ. ಆಚೆಗೆ ಹತ್ಕಳ್ಳಿ. ಬರೋವಾಗ್ಲೂ ಅಂಗೇಯ." ಆಮೇಲೆ ನನ್ನ ಕಡೆ ಬೆರಳು ತೋರಿಸಿ, "ನೀನು ದೀಪ ಹಚ್ಚೋದ್ರೊಳಗೆ ಬಾ ಮತ್ತೆ" ಎಂದರು. ಅಕ್ಕನ ಕಡೆ ತಿರುಗಿ, "ನೀವು ನಿಧಾನಕ್ಕೆ ಬನ್ನಿ ಅಕ್ಕಾರೆ, ನಿಮಗೇನು ತೊಂದ್ರೆ ಇಲ್ಲ" ಎಂದು ನಯವಾಗಿ ಹೇಳಿದರು. ಅಕ್ಕ ತಲೆ ಬಗ್ಗಿಸಿ ಸೈಕಲ್ ತಳ್ಳಿದಳು.

ಗಡಿಕಲ್ಲು ದಾಟಿ ಹತ್ತಿದ ಮೇಲೆ ಹತ್ತು ಮಾರು ಹಾವಿನಂತೆ ಹರಿದಳು, ಹನ್ನೊಂದನೆಯ ಮಾರಿಗೆ ಸರಿಯಾದಳು. ಕಾಲಿಗೆ ಮರೆವಿಲ್ಲ ನೋಡಿ. ಹಿಂದಿನ ವಾರ ಹೂಮಳೆ ಬಿದ್ದಿತ್ತು, ರಸ್ತೆಯ ಎರಡೂ ಕಡೆ ಕಾಫಿ ಹೂ ಬಿಳಿಯಾಗಿ ಬಿಟ್ಟುಕೊಂಡಿತ್ತು. ಆ ವಾಸನೆ ಜೀಪಿನಲ್ಲಿ ಹೋದರೆ ಮೂಗಿಗೆ ಒಂದು ಸಲ ಬಡಿದು ಹೋಗುತ್ತದೆ. ಸೈಕಲ್ಲಿನಲ್ಲಿ ಇಳಿಜಾರಿನಲ್ಲಿ ದಟ್ಟ, ಏರಿನಲ್ಲಿ ತೆಳು, ಗದ್ದೆ ಬಯಲು ಬಂದರೆ ಇಲ್ಲವೇ ಇಲ್ಲ, ಮತ್ತೆ ತೋಟ ಬಂದರೆ ಮತ್ತೆ ಬರುತ್ತದೆ. ಜೇನ್ನೊಣದ ಸದ್ದು ಬಿಟ್ಟರೆ ಚೈನಿನ ಸದ್ದು, ಅಷ್ಟೇ. ಏರು ಬಂದಾಗ ಇಳಿದು ತಳ್ಳಿದೆವು. ತಳ್ಳುವುದಕ್ಕೆ ನಾಚಿಕೆಪಡಲು ಅಲ್ಲಿ ನೋಡುವವರು ಯಾರಿದ್ದರು?

ಹಾಳುಬಿದ್ದ ಕೆರೆಯ ಏರಿಯ ಮೇಲೆ ಗೋಣಿಮರದ ಬುಡದಲ್ಲಿ ವೀರಗಲ್ಲುಗಳಿವೆ. ನಮ್ಮ ಕಡೆ ಅವು ದಾರಿಗೆ ಮೂರು. ದನ ಹಿಡಿಯಲು ಬಂದವರ ಜೊತೆ ಹೊಡೆದಾಡಿ ಸತ್ತವರು, ಗಡಿ ಕಾಯುತ್ತ ಸತ್ತವರು. ಕತ್ತಿ ಎತ್ತಿದ ಕೈ ಉಳಿದಿದೆ, ಮುಖ ಸವೆದಿದೆ. ಅಕ್ಕ ನೀರಿನ ಬಾಟಲಿಯಿಂದ ಕಲ್ಲಿನ ಮೇಲೆ ಸ್ವಲ್ಪ ಸುರಿದು ಅಂಗೈಯಿಂದ ಒರೆಸಿದಳು. "ಪಾಪ, ಇವನಿಗೂ ಒಬ್ಳು ಅಕ್ಕ ಇದ್ಲೋ ಏನೋ" ಎಂದಳು. ನಾವು ಅಲ್ಲೇ ಕೂತು ಬೆಲ್ಲ ಕಡಿದೆವು. ಸಕ್ಕರೆ ಕಾಯಿಲೆಯವಳಿಗೆ ಬೆಲ್ಲವೇ ಎಂದು ಕೇಳಬೇಡಿ, ಅಕ್ಕ ಕೇಳಿ ಆಗಿತ್ತು.

ಬಿಸಿಲೇರುವ ಹೊತ್ತಿಗೆ ಹಳೆಯ ಸೀಮೆಕಲ್ಲಿನ ಹತ್ತಿರ ಬಂದೆವು. ಒಂದು ಕಾಲಕ್ಕೆ ಅದರ ಆಚೆ ಬೇರೆ ರಾಜನಂತೆ, ಬೇರೆ ಸುಂಕವಂತೆ. ಈಗ ಆಚೆ ಕೊಡಗು ಜಿಲ್ಲೆ, ಈಚೆ ಹಾಸನ. ಕಲ್ಲಿನ ಮೇಲಿನ ಅಕ್ಷರ ಪಾಚಿ ಹಿಡಿದು ಓದಲು ಬರುವುದಿಲ್ಲ, ಆದರೆ ಡಾಂಬರು ನೋಡಿದರೆ ಗಡಿ ಎಲ್ಲಿದೆ ಎಂದು ಗೊತ್ತಾಗುತ್ತದೆ. "ನಿಮ್ಮ ಹಾಸನದ ಗುಂಡಿ ಮುಗೀತು ನೋಡು, ಇನ್ನು ನಮ್ಮ ರಸ್ತೆ" ಎಂದು ಅಕ್ಕ ಪೆಡಲ್ ಜೋರಾಗಿ ತುಳಿದು ಮುಂದೆ ಹೋದಳು. ನಮ್ಮ ರಸ್ತೆ ಎಂದಳಲ್ಲ, ಅದು ನನಗೆ ಮುಳ್ಳಿನ ಹಾಗೆ ಚುಚ್ಚಿತು. ಚುಚ್ಚಿದ್ದನ್ನು ತೋರಿಸಿಕೊಳ್ಳದೆ ಹಿಂದೆ ಹೋದೆ.

ಅವಳ ಗಂಡನ ಊರಿನ ತಿರುವಿನಲ್ಲಿ ಒಂದು ಸಣ್ಣ ಹೋಟೆಲ್ಲಿದೆ. ಚಿತ್ರಾನ್ನಕ್ಕೆ ಸಾಸಿವೆ, ಕರಿಬೇವು ಸಿಡಿಯುವ ಸದ್ದು ದೂರದಿಂದಲೇ ಕೇಳಿಸಿತು. ಒಗ್ಗರಣೆ ಹಾಕಬಾರದು ಎನ್ನುವ ಕಟ್ಟು ನಮ್ಮೂರೊಳಗೆ, ಹೊರಗೆ ತಿನ್ನಬಾರದು ಎಂದು ಗೌಡಜ್ಜ ಸಾರಿಲ್ಲ. ಇಬ್ಬರೂ ಎರಡೆರಡು ಪ್ಲೇಟು ತಿಂದೆವು. ಹೋಟೆಲ್ಲಿನ ಹೆಂಗಸು ಅಕ್ಕನ ಊರಿನವಳೇ. ಮೊದಲು ಚೂಡಿದಾರ ನೋಡಿ ಗುರುತು ಹಿಡಿಯಲಿಲ್ಲ, ಹಿಡಿದ ಮೇಲೆ ಕೈಹಿಡಿದು ಮಾತಾಡಿಸಿದಳು.

"ನಮ್ಮೂರ ಸುಗ್ಗಿ ಹೋದ ವಾರವೇ ಮುಗ್ದೋಯ್ತು ಕಣ್ರಕ್ಕ. ನೀವು ಬರ್ತೀರೇನೋ ಅನ್ಕಂಡಿದ್ದೆ."

"ಯಾರೂ ಹೇಳಿ ಕಳಿಸ್ಲಿಲ್ಲ ಕಣವ್ವ" ಎಂದಳು ಅಕ್ಕ.

"ಇಲ್ಲ, ನಿಮ್ಮ ಮೈದುನ್ರು ತಲೆ ಲೆಕ್ಕದಲ್ಲಿ ನಿಮ್ಮನ್ನ ಬಿಟ್ರು. ಅತ್ತಿಗೆ ತವ್ರಿಗೇ ಸೇರ್ಕಂಡ್ರು ಅಂದ್ರು." ಅವಳು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಇನ್ನೊಂದು ಸೌಟು ಚಿತ್ರಾನ್ನ ಬಡಿಸಲು ಬಂದಳು. ಅಕ್ಕ ಸಾಕೆಂದು ತಟ್ಟೆಗೆ ಕೈ ಅಡ್ಡ ಹಿಡಿದಳು.

ಊರೊಳಗೆ ಹೋಗಿ ಮಾತಾಡಿಸಿ ಬರೋಣವೇ ಎಂದು ಕೇಳಿದೆ. ಬೇಡ ಎಂದಳು. ಸೈಕಲ್ ತಿರುಗಿಸಿದೆವು. ಸೀಮೆಕಲ್ಲಿನವರೆಗೆ ಅಕ್ಕ ನಿಲ್ಲದೆ ತುಳಿದಳು. ಅಲ್ಲಿ ಇಳಿದು, ಕಲ್ಲಿಗೆ ಸೈಕಲ್ಲು ಒರಗಿಸಿ, ಬೆವರು ಒರೆಸಿಕೊಂಡು, "ಅಲ್ಲಿಯೋರು ತವ್ರಿಗೆ ಸೇರ್ದೆ ಅಂದ್ರು. ಇಲ್ಲಿಯೋರು ನೆಂಟ್ರು ಅಂದ್ರು. ನಾನು ಯಾವೂರ ಸಾರಿಗೆ ಒಗ್ಗರಣೆ ನಿಲ್ಲಿಸ್ಲಿ ಹೇಳು" ಎಂದಳು. ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ. "ನೀನು ಎಲ್ಲಿಗೂ ಹೋಗ್ಬ್ಯಾಡ" ಎಂದಷ್ಟೇ ಹೇಳಿದೆ. ಅದನ್ನು ಮೊದಲೂ ಹೇಳಿದ್ದೆ. ಹೇಳುವವಳು ನಾನಾದರೆ ಪ್ರಯೋಜನವಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಆದರೂ ಇಳಿಜಾರು ಬಂದಾಗ ಮನಸ್ಸು ತಾನಾಗಿ ಹಗುರಾಯಿತು. ಉದ್ದದ ಇಳಿಜಾರು ಅದು, ಎಸ್ಟೇಟಿನ ಬಂಗಲೆಯ ಗೇಟಿನಿಂದ ಹಳ್ಳದ ಸೇತುವೆಯವರೆಗೆ. ಎದುರಿಗೆ ಒಂದು ಗಾಡಿಯೂ ಬರುವುದಿಲ್ಲ ಎಂದು ಗೊತ್ತಿರುವ ರಸ್ತೆಯಲ್ಲಿ ಬ್ರೇಕಿನ ಕೈ ಬಿಟ್ಟು ಇಳಿಯುವ ಸುಖ ನಾನು ಹೇಳಿ ಮುಗಿಸಲಾರೆ. ಅಕ್ಕ ಮುಂದೆ, ನಾನು ಹಿಂದೆ. ಅವಳ ನರೆತ ಜಡೆ ಬೆನ್ನಿನ ಮೇಲೆ ಹಾರಾಡುತ್ತಿತ್ತು. ಸೇತುವೆಯ ಮೇಲೆ ನಿಂತಾಗ, "ಇನ್ನೊಂದು ಸಲ ಮೇಲಕ್ಕೋಗಿ ಇಳಿಯಾನೇನೇ?" ಎಂದಳು. ಹೊತ್ತು ನೋಡಿದರೆ ಬೇಡವೆನ್ನಬೇಕಿತ್ತು. ನಾನು ಹೂಂ ಎಂದೆ. ತಳ್ಳಿಕೊಂಡು ಹತ್ತಿ, ಮತ್ತೆ ಇಳಿದೆವು.

ಆ ಒಂದು ಇಳಿಜಾರು ನಮಗೆ ಮುಳುವಾಯಿತು. ಊರು ಇನ್ನೊಂದು ಗುಡ್ಡದಾಚೆ ಇದೆ ಎನ್ನುವಾಗ ಆನೆ ಕಾಯುವ ಹುಡುಗರು ಇಬ್ಬರು ರಸ್ತೆಗೆ ಅಡ್ಡ ನಿಂತಿದ್ದರು.

"ನಿಂತ್ಕಳ್ರಕ್ಕ. ಗುಂಪು ತೋಟದಿಂದ ಇಳೀತೈತೆ. ಮರಿ ಐತೆ ಜತೇಲಿ."

ಆನೆಗೆ ಯಾವ ಸಾರೂ ಇಲ್ಲ, ಯಾವ ಗಡಿಯೂ ಇಲ್ಲ. ನಾವು ಒಂದು ಮನೆಯ ಅಂಗಳಕ್ಕೆ ಹೋಗಿ ನಿಂತೆವು. ತೋಟದೊಳಗೆ ಕೊಂಬೆ ಮುರಿಯುವ ಸದ್ದು, ಎಲ್ಲೋ ಪಟಾಕಿ. ಬಿಸಿಲು ಮರದ ತುದಿಗೆ ಹೋಯಿತು, ಅಲ್ಲಿಂದಲೂ ಹೋಯಿತು. ಫೋನಿಗೆ ಒಂದು ಕಡ್ಡಿ ಸಿಗ್ನಲ್ಲು ಸಿಕ್ಕಾಗ ಗಂಡನಿಗೆ ಆನೆ ಎಂದು ಹೇಳುವಷ್ಟರಲ್ಲಿ ಕಟ್ಟಾಯಿತು. ಆ ಹುಡುಗರು ಇನ್ನು ಹೋಗಿ ಎಂದಾಗ ಆಕಾಶದಲ್ಲಿ ಸ್ವಲ್ಪವೇ ಬೆಳಕಿತ್ತು.

"ನಿಂದು ಗೇರ್ ಸೈಕಲ್ಲು. ನೀನು ಓಡು" ಎಂದಳು ಅಕ್ಕ. "ನಂಗೇನು ಕಟ್ಟಿಲ್ಲ. ನಿಧಾನಕ್ಕೆ ಬರ್ತೀನಿ."

"ಬಾಯಿ ಮುಚ್ಕಂಡು ತುಳಿ" ಎಂದೆ. ಅಷ್ಟು ದಿನದಲ್ಲಿ ಅವಳನ್ನು ನಾನು ಗದರಿದ್ದು ಅದೇ ಮೊದಲು. ಮಿಕ್ಕವರ ಹಾಗೆ ನಾನೂ ಅವಳನ್ನು ಹೂವಿನ ಹಾಗೆ ನೋಡಿಕೊಳ್ಳುತ್ತಿದ್ದೆ ಎಂದು ಆಗ ತಿಳಿಯಿತು. ಅವಳು ಬಾಯಿ ಮುಚ್ಚಿಕೊಂಡು ತುಳಿದಳು.

ಗಡಿಕಲ್ಲಿನ ಹತ್ತಿರ ಬಂದಾಗ ಊರೊಳಗಿನ ದೀಪಗಳು ಕಾಣುತ್ತಿದ್ದವು. ಕಲ್ಲಿನ ಪಕ್ಕ ಗೌಡಜ್ಜ ಟಾರ್ಚು ಹಿಡಿದು ನಿಂತಿದ್ದರು. ಅವರ ಹಿಂದೆ ಟವೆಲ್ಲು ಹೊದ್ದ ನನ್ನ ಗಂಡ. ನಾವು ಇಳಿದು ಸೈಕಲ್ ಒಳಗೆ ತಳ್ಳಿದೆವು. ಗೌಡಜ್ಜ ನನ್ನ ಮುಖಕ್ಕೆ ಟಾರ್ಚು ಬಿಟ್ಟರು, ಆಮೇಲೆ ಅಕ್ಕನ ಮುಖಕ್ಕೆ ಬಿಟ್ಟು ಅಲ್ಲೇ ಹಿಡಿದರು.

"ಏನೇ, ದೊಡ್ಡೋಳು ನೀನು. ಅವಳಿಗಂತೂ ಬುದ್ಧಿ ಇಲ್ಲ. ನಿಂಗೂ ಇಲ್ವಾ? ಊರಿನ ಹೆಣ್ಣಾಗಿ ಸಾರು ಹಾಕಿರೋ ದಿನ ದೀಪ ಹಚ್ಚಿದ ಮೇಲೆ ಬರ್ತಾರಾ? ಮೂರು ತಲೆ ಮನೇಲಿ ಒಂದೇ ತಲೆ ಇಟ್ಕಂಡು ನಿನ್ನ ತಂಗಿ ಗಂಡ ಆಗ್ಲಿಂದ ಇಲ್ಲೇ ಸುತ್ತು ಹಾಕ್ತಾವ್ನೆ. ನಾಳೆ ಎರಡು ಕಾಯಿ. ಒಂದು ಅವಳ್ದು, ಒಂದು ನಿಂದು. ಚಿಕ್ಕ ಕಾಯಿ ತಂದ್ರೆ ವಾಪಸ್ ಕಳಿಸ್ತೀನಿ."

ಬೆಳಿಗ್ಗೆ ಅಕ್ಕಾರೆ, ನೀವು ಎಂದಿದ್ದ ಬಾಯಿ ಅದು. ನಾನು ಗಂಡನ ಕಡೆ ನೋಡಿದೆ. ಅವರು ಟವೆಲ್ಲಿನ ತುದಿಯಿಂದ ಸೈಕಲ್ಲಿನ ಹ್ಯಾಂಡಲ್ಲನ್ನು ಸುಮ್ಮನೆ ಒರೆಸುತ್ತ, "ಮಧ್ಯಾಹ್ನ ಅಜ್ಜನ ಮನೆಗೆ ಹೋಗಿದ್ದೆ. ಲೆಕ್ಕ ತಪ್ಪು ಹೇಳ್ಬುಟ್ಟಿದ್ದೆ, ಸರಿ ಮಾಡಿಸ್ದೆ" ಎಂದರು. ಆ ಮನುಷ್ಯನಿಗೆ ಹಿತ್ತಲಿನಲ್ಲಿ ಅಷ್ಟು ಬೈದಿದ್ದೆನಲ್ಲ, ಬೈದಿದ್ದೇ ಒಳ್ಳೆಯದಾಯಿತು ಎಂದುಕೊಂಡೆ.

ಅಕ್ಕ ಟಾರ್ಚಿನ ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತೇ ಇದ್ದಳು. "ಆಯ್ತು ಅಜ್ಜ, ತಪ್ಪಾಯ್ತು" ಎಂದಳು ಕೊನೆಗೆ. ಮನೆಯವರೆಗೆ ಮೂವರೂ ನಡೆದು ಹೋದೆವು. ಅವಳ ಸೈಕಲ್ಲನ್ನು ನನ್ನ ಗಂಡ ತಳ್ಳಲು ಹೋದರೆ ಬಿಡಲಿಲ್ಲ.

ರಾತ್ರಿ ಒಗ್ಗರಣೆಯಿಲ್ಲದ ಬೇಳೆ. ಬಡಿಸುವಾಗ ಅಕ್ಕ ಬಾಯಿಗಿಟ್ಟು ನೋಡಿ, ಸಪ್ಪೆ ಎಂದು, ಮರಿಗೆಗೆ ಕೈ ಹಾಕಿ ಉಪ್ಪು ತೆಗೆದು ಹಾಕಿದಳು. ಕೇಳಲಿಲ್ಲ.

ಮಾರನೆಯ ಬೆಳಿಗ್ಗೆ ನಾನು ಏಳುವ ಮೊದಲೇ ಅಟ್ಟದಿಂದ ಎರಡು ದೊಡ್ಡ ಕಾಯಿ ಇಳಿಸಿ, ಸುಲಿದು, ಜುಟ್ಟು ಬಿಟ್ಟು ನಾರೆಲ್ಲ ಕಿತ್ತು ಇಟ್ಟಿದ್ದಳು. ಬನದ ಮುಂದೆ ನಮ್ಮ ಹಾಗೆ ತಪ್ಪಿದವರು ಇನ್ನೂ ನಾಲ್ಕು ಮಂದಿ ಇದ್ದರು, ಎಲ್ಲರಿಗೂ ಆನೆಯೇ ಕಾರಣ. ಕಾಯಿ ಒಡೆಯುವ ಮೊದಲು ಯಾರ ಮನೆಯದು ಎಂದು ಗಟ್ಟಿಯಾಗಿ ಕೇಳುವುದು, ತಂದವರು ದೇವರಿಗೂ ಊರಿಗೂ ಕೇಳುವ ಹಾಗೆ ಹೇಳುವುದು ಪದ್ಧತಿ. ನಮ್ಮ ಸರದಿ ಬಂತು. ನಾನು ಒಂದು ಹೆಜ್ಜೆ ಹಿಂದೆ ನಿಂತೆ.

"ಯಾರ ಮನೆ ಕಾಯಿ?" ಎಂದರು ಗೌಡಜ್ಜ.

"ನಮ್ಮನೇದು" ಎಂದಳು ಅಕ್ಕ.